ಹದಿನಾಲ್ಕನೇ ಕಿಲೋಮೀಟರಿನ ಗೂನು

ಡೂಗಲ್ ರೆನ್ನಿಯ ಹಳೆಯ ಗಾಡಿ ಗೇಟಿನ ಬಳಿ ಬಂದು ನಿಂತಾಗ ನೈರಿ ಶೆಡ್ಡಿನಲ್ಲಿ ಕೂತು ಬೆಂಕಿಪೊಟ್ಟಣದಷ್ಟು ಸಣ್ಣ ಪಂಪಿಗೆ ಕೊಳವೆ ಸಿಕ್ಕಿಸುತ್ತಿದ್ದಳು. ಗಾಡಿಯಿಂದ ಮೊದಲು ನಾಯಿ ಇಳಿಯಿತು. ಆಮೇಲೆ ಡೂಗಲ್. ಅವನ ಕಂಕುಳಲ್ಲಿ ಒಂದು ಥರ್ಮೋಕೋಲ್ ಡಬ್ಬಿ, ಹೆಗಲ ಮೇಲೆ ಹರಿದ ಬಲೂನಿನ ರಬ್ಬರು.

"ತಗೋ ಹುಡುಗಿ, ನಿನ್ನ ಸಾಮಾನು. ಈ ಸಲ ಕುರಿಗಳ ನೀರಿನ ತೊಟ್ಟಿಗೇ ಬಿದ್ದಿತ್ತು. ಎರಡು ದಿನ ಒಂದು ಕುರಿನೂ ತೊಟ್ಟಿ ಹತ್ರ ಹೋಗ್ಲಿಲ್ಲ, ದೆವ್ವ ಅಂದ್ಕೊಂಡು."

"ದೆವ್ವ ಅಂದ್ಕೊಂಡ್ವು ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಐವತ್ತು ವರ್ಷ ಅವುಗಳ ಜೊತೆ ಇದ್ದೀನಿ. ಹೆಂಡ್ತಿ ಮಾತಿಗಿಂತ ಚೆನ್ನಾಗಿ ಅರ್ಥ ಆಗುತ್ತೆ."

ನೈರಿಗೆ ಐವತ್ತೆಂಟು ವರ್ಷ. ಡೂಗಲ್‌ಗೆ ಎಪ್ಪತ್ತು ದಾಟಿದ್ದರಿಂದ ಅವಳು ಇನ್ನೂ ಹುಡುಗಿ. ಐಡಾ ಕಣಿವೆಯಲ್ಲಿ ಅವಳನ್ನು ಹಾಗೆ ಕರೆಯುವವರಲ್ಲಿ ಅವನೊಬ್ಬನೇ ಉಳಿದಿದ್ದ. ಬಲೂನಿನಿಂದ ಬಿದ್ದ ಅಳತೆಯ ಡಬ್ಬಿ ಹುಡುಕಿ ತಂದವರಿಗೆ ಒಂದು ಪೆಟ್ಟಿಗೆ ಬಿಯರ್ ಕೊಡುವುದು ನೈರಿ ಕೆಲಸ ಮಾಡುವ ವಾಯುಮಾಪನ ಕೇಂದ್ರದ ಹಳೆಯ ಪದ್ಧತಿ. ಡೂಗಲ್ ವೈದ್ಯರ ಮಾತಿಗೆ ಹೆದರಿ ಬಿಯರ್ ಬಿಟ್ಟಿದ್ದ, ಡಬ್ಬಿ ತರುವುದನ್ನು ಬಿಟ್ಟಿರಲಿಲ್ಲ. ಬದಲಿಗೆ ಎರಡು ಚೀಸ್ ರೋಲ್ ತಿಂದು, ಒಂದನ್ನು ನಾಯಿಗೆ ಹಾಕಿ ಹೋಗುತ್ತಿದ್ದ.

ಆಕಾಶ ಸರಿಯಿರಲಿಲ್ಲ. ವಾರದಿಂದ ಸೂರ್ಯ ಹಳೆಯ ತಾಮ್ರದ ಬಿಲ್ಲೆಯಂತೆ ಏರಿ ಹಾಗೆಯೇ ಇಳಿಯುತ್ತಿದ್ದ. ಎದುರಿನ ಹಾಕ್‌ಡನ್ ಬೆಟ್ಟಗಳು ಕಾಣೆಯಾಗಿದ್ದವು. ಸಮುದ್ರದಾಚೆ ಆಸ್ಟ್ರೇಲಿಯಾದ ಕಾಡು ಉರಿಯುತ್ತಿತ್ತು, ಅದರ ಬೂದಿ ಇಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಯಾವಾಗಲೂ ಕಾಡುಥೈಮ್ ಗಿಡದ ವಾಸನೆ ಬರುವ ಬೇಸಿಗೆಯ ಗಾಳಿಯಲ್ಲಿ ಸುಟ್ಟ ತೊಗಟೆಯ ವಾಸನೆ.

"ಇವತ್ತೂ ಹಾರಿಸ್ತೀಯಾ?" ಡೂಗಲ್ ಕೇಳಿದ.

"ಇವತ್ತೇ ಹಾರಿಸಬೇಕು. ಹೊಗೆ ಎಲ್ಲಿವರೆಗೆ ಏರಿದೆ ಅಂತ ನೋಡಬೇಕಲ್ಲ."

"ನನ್ನ ಮೂಗಿನವರೆಗೆ ಏರಿದೆ. ಬರ್ಕೋ."

ಬಲೂನು ಉಬ್ಬುತ್ತಾ ಶೆಡ್ಡಿನ ಬಾಗಿಲಿಗಿಂತ ದೊಡ್ಡದಾಯಿತು. ಒಂದು ಕಾಲಕ್ಕೆ ಈ ಕೆಲಸಕ್ಕೆ ಮೂವರಿರುತ್ತಿದ್ದರು, ಕೇಂದ್ರದಲ್ಲಿ ಒಟ್ಟು ಏಳು ಜನ. ಈಗ ಉಳಿದ ಉಪಕರಣಗಳೆಲ್ಲ ತಮ್ಮಷ್ಟಕ್ಕೆ ತಾವೇ ಅಳೆದು ವೆಲಿಂಗ್ಟನ್‌ಗೆ ಕಳಿಸಿಕೊಳ್ಳುತ್ತವೆ. ಮನುಷ್ಯರ ಕೈ ಬೇಕಾದದ್ದು ಬಲೂನಿಗೆ ಮಾತ್ರ. ಹಾಗಾಗಿ ಅಲ್ಲಿ ಉಳಿದದ್ದು ನೈರಿಯೊಬ್ಬಳೇ. ಡೂಗಲ್ ಹಗ್ಗ ಹಿಡಿದ, ಅವಳು ಡಬ್ಬಿ ಹಿಡಿದು ಗಾಳಿಯ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ ಕೈ ಬಿಟ್ಟಳು. ಬಿಳಿಯ ಗುಂಡು ಕಂದು ಆಕಾಶದೊಳಗೆ ಹೋಗಿ, ನೋಡನೋಡುತ್ತ ಕಾಣದಾಯಿತು.

ವೆಲಿಂಗ್ಟನ್‌ನಿಂದ ಫೋನ್ ಬಂದಾಗ ಬಲೂನು ಇನ್ನೂ ಏರುತ್ತಿತ್ತು. ಹುಹಾನಾ ಪರಾತಾ ಅವಳ ಮೇಲಧಿಕಾರಿ, ವಯಸ್ಸಿನಲ್ಲಿ ಇಪ್ಪತ್ತು ವರ್ಷ ಚಿಕ್ಕವಳು. ಕೆಟ್ಟ ಸುದ್ದಿಯನ್ನು ಇಮೇಲಿನಲ್ಲಿ ಕಳಿಸುವ ಜಾತಿಯವಳಲ್ಲ, ಸ್ವತಃ ಹೇಳುವವಳು. ಅದಕ್ಕಾಗಿ ನೈರಿಗೆ ಅವಳ ಮೇಲೆ ಗೌರವವಿತ್ತು. ಅದಕ್ಕಾಗಿಯೇ ಅವಳ ಹೆಸರು ಫೋನಿನ ಮೇಲೆ ಕಂಡರೆ ಎತ್ತಲು ಹಿಂಜರಿಯುತ್ತಿದ್ದಳು.

"ನೈರಿ, ಕೂತಿದ್ದೀರಾ?"

"ಅಷ್ಟು ಕೆಟ್ಟದ್ದಾ?"

"ಮಾರ್ಚ್ ಕೊನೆಗೆ ಬಲೂನು ನಿಲ್ಲಿಸೋಣ ಅಂತಿದ್ದಾರೆ. ಸೋಮವಾರ ಸಭೆ. ನಿಮ್ಮನ್ನ ಕೆಲಸದಿಂದ ತೆಗೆಯಲ್ಲ, ಇಲ್ಲಿಗೆ ಬನ್ನಿ, ಜಾಗ ಇದೆ."

"ಯಾಕೆ ನಿಲ್ಲಿಸೋದು?"

"ನಿಮ್ಮದೇ ಪ್ರಬಂಧ ನೈರಿ. ನೀವೂ ಆ ಸ್ಪೇನಿನವರೂ ಸೇರಿ ಬರೆದಿದ್ದು. ಹನ್ನೆರಡರಿಂದ ಹದಿನೆಂಟು ಕಿಲೋಮೀಟರ್ ಎತ್ತರದವರೆಗೆ ಉಪಗ್ರಹದ ಓಜೋನ್ ಸರಾಸರಿ, ಬಲೂನಿನ ಸರಾಸರಿ ನೂರಕ್ಕೆ ಮೂರರೊಳಗೆ ಹೊಂದುತ್ತೆ ಅಂತ. ಅದಕ್ಕಿಂತ ಮೇಲೆ ಬೇರೆ ಉಪಗ್ರಹಗಳೂ ಇವೆ. ಕೆಳಗಿನ ಪದರಕ್ಕೆ ಮಾತ್ರ ನಿಮ್ಮ ಬಲೂನು ಬೇಕಿತ್ತು. ಈಗ ಅಲ್ಲೂ ಉಪಗ್ರಹ ಸಾಕಲ್ವಾ ಅಂತ ಕೇಳ್ತಾರೆ. ನಾನೇನು ಹೇಳಲಿ?"

ನೈರಿಯ ಎದುರಿನ ಪರದೆಯ ಮೇಲೆ ಬಲೂನು ಹದಿನಾಲ್ಕನೇ ಕಿಲೋಮೀಟರು ದಾಟುತ್ತಿತ್ತು.

"ಏನಾದ್ರೂ ಇದ್ರೆ ಸೋಮವಾರದ ಒಳಗೆ ಕಳಿಸಿ," ಎಂದಳು ಹುಹಾನಾ. "ಭಾವನೆ ಬೇಡ. ಅಂಕಿ ಕಳಿಸಿ. ಭಾವನೆಗೆ ಅವರು ಚಹಾ ಕೊಟ್ಟು ಕಳಿಸ್ತಾರೆ."

ಆ ಪ್ರಬಂಧದ ಒಂದು ಚಿತ್ರವನ್ನು ನೈರಿ ಚೌಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿದ್ದಳು. ಬೇರೆಯವರ ಮನೆಗಳಲ್ಲಿ ಮೊಮ್ಮಕ್ಕಳ ಫೋಟೋ ಇರುವ ಜಾಗದಲ್ಲಿ ಎರಡು ಗೆರೆಗಳು: ಕೆಂಪು ಬಲೂನಿನದು, ನೀಲಿ ಉಪಗ್ರಹದ್ದು. ಕೆಳಗಿನ ಅರ್ಧದಲ್ಲಿ ಕೆಂಪಿನ ಮೇಲೆ ನೀಲಿ ಕೂತು ಒಂದೇ ಗೆರೆಯಾಗಿತ್ತು. ಮೇಲಿನ ಅರ್ಧದಲ್ಲಿ ಎರಡೂ ಅಲ್ಲಲ್ಲಿ ಜಗಳವಾಡಿಕೊಂಡಿದ್ದವು. ಆ ಭಾಗವನ್ನು ನೈರಿಯಾಗಲೀ ಜೊತೆಗೆ ಬರೆದ ಎಲಾದಿಯೊ ಆಗಲೀ ಹೆಚ್ಚು ನೋಡುತ್ತಿರಲಿಲ್ಲ.

ಎಲಾದಿಯೊ ಇರುವುದು ಗಲೀಸಿಯಾದಲ್ಲಿ, ಸ್ಪೇನಿನ ವಾಯವ್ಯ ಮೂಲೆಯಲ್ಲಿ. ನೈರಿಯ ಶೆಡ್ಡಿನ ನೆಲಕ್ಕೆ ರಂಧ್ರ ಕೊರೆದು ಭೂಮಿಯ ನಡುವಿನಿಂದ ನೇರ ಹೊರಟರೆ ಹೆಚ್ಚುಕಮ್ಮಿ ಅವನ ಊರಿನ ಮುಂದಿನ ಸಮುದ್ರದಲ್ಲಿ ಏಳಬಹುದು. ಅಂಗಾಲಿಗೆ ಅಂಗಾಲು ಹಚ್ಚಿ ನಿಂತ ಹಾಗೆ ಇಬ್ಬರೂ. ಈ ಲೆಕ್ಕ ಮೊದಲು ಹಾಕಿದವನು ಅವನೇ. ಅಂದಿನಿಂದ ಅವಳಿಗೆ ಅವನಿಟ್ಟ ಹೆಸರು 'ಕಾಲಡಿ'. "ನೀನೇ ಕಾಲಡಿ," ಎನ್ನುವುದು ಅವಳ ಉತ್ತರ. ಇಪ್ಪತ್ತು ವರ್ಷಗಳಿಂದ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆಯೂ ಭೇಟಿಯಾಗಿರಲಿಲ್ಲ.

ಅವನ ಉಪಗ್ರಹ ನೇರ ಕೆಳಗೆ ನೋಡುವುದಿಲ್ಲ. ಓರೆಯಾಗಿ ಭೂಮಿಯ ಅಂಚನ್ನು ನೋಡುತ್ತದೆ. ಅಲ್ಲಿ ಗಾಳಿಯೆಂದರೆ ಒಂದು ತೆಳು ನೀಲಿ ಪಟ್ಟಿ. ಆ ಪಟ್ಟಿಯ ಮೇಲೆ ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ, ಪ್ರತಿ ಎತ್ತರದಲ್ಲೂ ಬಿಸಿಲು ಎಷ್ಟು ಚದುರಿತು, ಯಾವ ಬಣ್ಣ ಎಷ್ಟು ಸೋರಿಹೋಯಿತು ಎಂದು ಅಳೆಯುತ್ತದೆ. ಅದಕ್ಕೆ ಸಿಗುವುದು ಬೆಳಕು ಮಾತ್ರ. ಆ ಬೆಳಕಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ ಯಾವ ಎತ್ತರದಲ್ಲಿ ಎಷ್ಟು ಓಜೋನ್, ಎಷ್ಟು ಧೂಳು ಎಂದು ಹೊರತೆಗೆಯುವುದು ಎಲಾದಿಯೊನ ಕಸುಬು.

ಮೊದಲ ವರ್ಷ ಅವನು ಫೋನಿನಲ್ಲಿ ಅದನ್ನು ತನ್ನದೇ ರೀತಿಯಲ್ಲಿ ವಿವರಿಸಿದ್ದ. "ಬೇರೆಯವರ ಮನೆ ಬಾಗಿಲಲ್ಲಿ ನಿಂತು, ವಾಸನೆ ಹಿಡಿದು, ಒಳಗೆ ಒಲೇಲಿ ಏನಿದೆ ಅಂತ ಹೇಳೋ ಕೆಲಸ ನಂದು. ವಾಸನೆ ಚೆನ್ನಾಗಿ ಬಂದ್ರೆ ಹೇಳ್ತೀನಿ. ಬರದಿದ್ರೆ? ಆ ಮನೇಲಿ ಭಾನುವಾರ ಯಾವಾಗ್ಲೂ ಕುರಿಮಾಂಸ ಅಂತ ಮೊದಲೇ ಗೊತ್ತಿದ್ರೆ, ಕುರಿಮಾಂಸ ಅಂದ್ಬಿಡ್ತೀನಿ. ಮೂಗು ಕಟ್ಟಿದ್ರೂ ಉತ್ತರ ರೆಡಿ."

"ಅದು ಮೋಸ ಅಲ್ವಾ?"

"ನಮ್ಮಲ್ಲಿ ಅದಕ್ಕೆ ಮುನ್ನೂಹೆ ಅಂತಾರೆ. ಮರ್ಯಾದಸ್ಥರ ಪದ."

ಮುನ್ನೂಹೆ ಇಲ್ಲದೆ ಲೆಕ್ಕ ನಿಲ್ಲುವುದಿಲ್ಲ ಎಂಬುದು ನೈರಿಗೂ ಗೊತ್ತಿತ್ತು. ಬೆಳಕು ಗಟ್ಟಿಯಾಗಿ ಹೇಳಿದ ಕಡೆ ಬೆಳಕಿನ ಮಾತು ನಡೆಯುತ್ತದೆ. ಬೆಳಕು ತೊದಲಿದ ಕಡೆ ಮುನ್ನೂಹೆ ಮೆಲ್ಲಗೆ ಜಾಗ ತುಂಬುತ್ತದೆ.

ಗುರುವಾರದ ಅದಲುಬದಲು ಅವರಿಬ್ಬರ ಕಟ್ಟಳೆ. ಬೆಳಿಗ್ಗೆ ಬಲೂನು ಹಾರುವ ಹೊತ್ತಿಗೆ ಉಪಗ್ರಹವೂ ಆ ಆಕಾಶದ ಪಕ್ಕ ಹಾದುಹೋಗುತ್ತದೆ. ಇಬ್ಬರೂ ತಮ್ಮ ತಮ್ಮ ಗೆರೆಯನ್ನು ಮುಗಿಸಿ, ಇನ್ನೊಬ್ಬರದನ್ನು ನೋಡದೆ, ಸರಿಯಾಗಿ ಎಂಟಕ್ಕೆ ಕಳಿಸಬೇಕು. ಅವಳಿಗೆ ಸಂಜೆ ಎಂಟು, ಅವನಿಗೆ ಬೆಳಿಗ್ಗೆ ಎಂಟು. ಜನವರಿಯಲ್ಲಿ ಎರಡೂ ಮನೆಗಳ ಗಡಿಯಾರದ ಮುಳ್ಳುಗಳು ಒಂದೇ ಜಾಗದಲ್ಲಿರುತ್ತವೆ. ಚಳಿಗಾಲ ಬಂದು ಎರಡೂ ದೇಶಗಳು ತಮ್ಮ ಗಡಿಯಾರ ಬದಲಿಸಿಕೊಂಡರೆ ಮುಳ್ಳುಗಳು ಬೇರೆಯಾಗುತ್ತವೆ. ನೈರಿಗೆ ಬೇಸಿಗೆ ಇಷ್ಟವಾಗಲು ಇದೂ ಒಂದು ಕಾರಣ. ಎಲಾದಿಯೊನಿಗೆ ಹೇಳಿರಲಿಲ್ಲ.

ಆ ಸಂಜೆ ಎಂಟಕ್ಕೆ ಹೊರಗೆ ಇನ್ನೂ ಬಿಸಿಲಿತ್ತು, ಅಥವಾ ಬಿಸಿಲಿನ ಜಾಗದಲ್ಲಿದ್ದ ಕೆಂಪು ಬಣ್ಣವಿತ್ತು. ಅವಳ ಗೆರೆ ಭಯ ಹುಟ್ಟಿಸುವಂತಿತ್ತು. ಹೊಗೆ ಮೋಡಗಳ ಎತ್ತರವನ್ನು ದಾಟಿ, ಮಳೆ ತೊಳೆಯಲಾರದ ಸ್ತರಗೋಳಕ್ಕೆ ಏರಿ, ಹದಿನಾರನೇ ಕಿಲೋಮೀಟರಿನ ಸುತ್ತ ದಪ್ಪ ಕಂಬಳಿಯಂತೆ ಹರಡಿತ್ತು. ಆ ಕಂಬಳಿಯೊಳಗೆ ಓಜೋನಿನ ಗೆರೆಯನ್ನು ಯಾರೋ ಕಚ್ಚಿ ತೆಗೆದಂತೆ ಒಂದು ತಗ್ಗು. ಇಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕಳಿಸಿದಳು. ಅವಳು ಮೊದಲೇ ಕೇಳಿಕೊಂಡಿದ್ದಂತೆ ಎಲಾದಿಯೊ, ನಂಬಲಾಗದ ಭಾಗವನ್ನು ತೆಗೆಯದ ಹಸಿ ಗೆರೆಯನ್ನೇ ಕಳಿಸಿದ. ಜೊತೆಗೆ ಒಂದು ಸಾಲು: 'ಕಾಲಡಿ, ಹೊಗೆ ದಟ್ಟವಾಗಿದೆ, ಕೆಳಗಿನದನ್ನು ನಂಬಬೇಡ. ನಿನ್ನ ಕೆಮ್ಮು ಹೇಗಿದೆ?'

ಅವಳು ಎರಡನ್ನೂ ಒಂದರ ಮೇಲೊಂದು ಇಟ್ಟಳು.

ಅವನ ಗೆರೆಯಲ್ಲಿ ತಗ್ಗು ಇರಲಿಲ್ಲ. ಅದು ಆಶ್ಚರ್ಯವಲ್ಲ. ಹೊಗೆಯ ಕಂಬಳಿಯೊಳಗೂ ಅದರ ಕೆಳಗೂ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ, ಅಲ್ಲಿರುವುದು ಬರಿಯ ಮುನ್ನೂಹೆ. ಹದಿನೆಂಟರ ಕೆಳಗೆ ಗೆರೆ ನುಣುಪಾಗಿ ಇಳಿಯುತ್ತಿತ್ತು. ಹದಿನಾಲ್ಕರಲ್ಲಿ ಮಾತ್ರ ಒಂದು ಸಣ್ಣ ಗೂನು.

ಚಹಾದ ಲೋಟ ಕೆಳಗಿಟ್ಟು ಆ ಭಾಗವನ್ನು ದೊಡ್ಡದಾಗಿಸಿ ನೋಡಿದಳು.

ತನ್ನ ಮನೆಯ ಬಟ್ಟೆ ಬೇರೆಯವರ ಹಗ್ಗದ ಮೇಲೆ ಒಣಗುವುದನ್ನು ಕಂಡ ಹಾಗಾಯಿತು. ಆ ಗೂನು ಗಾಳಿಯದಲ್ಲ, ಅವಳದು. ಗಂಡ ಅಲಿಸ್ಟರ್ ಮನೆ ಬಿಟ್ಟು ಪರ್ತ್‌ಗೆ ಹೋದ, ಇಪ್ಪತ್ತು ವರ್ಷಕ್ಕೂ ಹಿಂದಿನ ಬೇಸಿಗೆಯದು. ಮೇಲೆ ಹೋದಂತೆ ಗಾಳಿ ತೆಳುವಾಗಿ ಡಬ್ಬಿಯ ಪಂಪು ಸೊರಗುತ್ತದೆ, ಅದಕ್ಕೆ ಪ್ರತಿ ಎತ್ತರಕ್ಕೂ ಒಂದು ತಿದ್ದುಪಡಿ ಇರುತ್ತದೆ. ಆ ಜನವರಿ ತಿದ್ದುಪಡಿಯ ಕೋಷ್ಟಕವನ್ನು ಕಂಪ್ಯೂಟರಿಗೆ ಹಾಕುವಾಗ ಅವಳು ಒಂದು ಸಾಲು ತಪ್ಪಿಸಿದ್ದಳು. ಇಡೀ ತಿಂಗಳ ಬಲೂನುಗಳು ಹದಿನಾಲ್ಕನೇ ಕಿಲೋಮೀಟರಿಗೆ ಬಂದಾಗ ಇಲ್ಲದ ಓಜೋನನ್ನು ಕಂಡಿದ್ದವು. ಮುಂದಿನ ಚಳಿಗಾಲ ಅವಳೇ ಹಿಡಿದು, ಸರಿಪಡಿಸಿ, ಎಲ್ಲರಿಗೂ ತಿಳಿಸಿದ್ದಳು. ಮುಗಿದ ಕತೆ. ಲೋಕದಲ್ಲಿ ಬೇರೆ ಯಾರಿಗೂ ಆ ಗೂನು ನೆನಪಿರಲಿಕ್ಕಿಲ್ಲ. ಅವಳಿಗೆ ಮಾತ್ರ ಅದರ ಎಡಬದಿಯ ಕಡಿದಾದ ಏರು, ಬಲಬದಿಯ ಸೋಮಾರಿ ಇಳಿಜಾರು ತನ್ನ ಸಹಿಯಷ್ಟೇ ಪರಿಚಿತ.

ಅದು ಬಾಹ್ಯಾಕಾಶದಿಂದ ವಾಪಸು ಬಂದಿತ್ತು.

ಹೇಗೆ ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುನ್ನೂಹೆಯನ್ನು ಯಾರೂ ಗಾಳಿಯಿಂದ ಹುಟ್ಟಿಸುವುದಿಲ್ಲ. ಹಳೆಯ ಬಲೂನುಗಳ ಅಳತೆಗಳನ್ನು ಅಕ್ಷಾಂಶವಾರು, ತಿಂಗಳುವಾರು ಸರಾಸರಿ ಮಾಡಿ ಕಟ್ಟುತ್ತಾರೆ. ಉತ್ತರಕ್ಕಾದರೆ ನೂರು ಊರುಗಳು. ದಕ್ಷಿಣದ ಈ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಬೆರಳಿಟ್ಟು ಸುತ್ತಿದರೆ ಬೆರಳು ಒದ್ದೆಯಾಗುವುದೇ ಹೆಚ್ಚು. ನೆಲವೇ ಇಲ್ಲ. ಅಲ್ಲಿ ಬಲೂನು ಹಾರಿಸುವವಳು ಅವಳೊಬ್ಬಳೇ. ಯಾರೋ ತಿದ್ದುವ ಮೊದಲಿನ ಅವಳ ಅಂಕಿಗಳನ್ನು ತೆಗೆದುಕೊಂಡು ಮುನ್ನೂಹೆ ಕಟ್ಟಿದ್ದರು. ಉಳಿದ ದಿನಗಳಲ್ಲಿ ಬೆಳಕಿನ ಚೂರುಪಾರು ಬೆರೆತು ಗೂನು ಮುಚ್ಚಿಹೋಗುತ್ತಿತ್ತು, ವರ್ಷದ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಹೊಗೆ ಬೆಳಕನ್ನು ಪೂರ್ತಿ ನುಂಗಿದ ಇವತ್ತು ಮಾತ್ರ ಅದು ಬೆತ್ತಲೆಯಾಗಿ ನಿಂತಿತ್ತು.

ಅಡುಗೆಮನೆಯ ಗೋಡೆಯ ಮೇಲೆ ಕೆಂಪು ಗೆರೆ, ಅದರ ಮೇಲೆ ಕೂತ ನೀಲಿ ಗೆರೆ. ಎರಡೂ ಅವಳವೇ ಇರಬಹುದೇ?

ಶುಕ್ರವಾರವಿಡೀ ಅವಳು ಏನೂ ಮಾಡಲಿಲ್ಲ. ಹೊಲದ ಅಂಚಿನ ಮಟಗೌರಿ ಮುಳ್ಳುಪೊದೆಗಳ ಉದ್ದಕ್ಕೂ ನಡೆದಳು, ವಾಪಸು ಬಂದಳು. ಹುಹಾನಾಗೆ ಅಂಕಿ ಬೇಕಿತ್ತು. ಇದು ಅಂಕಿ. ಉಪಗ್ರಹ ಕೆಳಗಿನ ಪದರವನ್ನು ನೋಡುತ್ತಲೇ ಇಲ್ಲ, ಬಲೂನಿನ ಮಾತನ್ನೇ ಬಲೂನಿಗೆ ಹೇಳುತ್ತಿದೆ ಎಂದು ಎರಡು ಸಾಲು ಬರೆದರೆ ಸಾಕು, ಬಲೂನು ಉಳಿಯುತ್ತದೆ. ಆದರೆ ಎಲಾದಿಯೊ ಮಾರ್ಚಿನಲ್ಲಿ ನಿವೃತ್ತನಾಗುತ್ತಿದ್ದ. ಇಪ್ಪತ್ತು ವರ್ಷದ ಗೆರೆಗಳನ್ನೆಲ್ಲ ಒಟ್ಟು ಮಾಡಿ ಲೋಕಕ್ಕೆ ಒಪ್ಪಿಸಿ ಹೋಗುವವನಿದ್ದ. ಅವನಿಗೂ ಮನೆಯಲ್ಲಿ ಯಾರೂ ಇರಲಿಲ್ಲ, ಒಂದು ಮುದಿ ಬೆಕ್ಕು ಬಿಟ್ಟರೆ. ಆ ಗೆರೆಗಳ ಕೆಳಗಿನ ಅರ್ಧವನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕು.

ಸುಮ್ಮನಿದ್ದರೆ? ಬಲೂನು ನಿಲ್ಲುತ್ತದೆ. ವೆಲಿಂಗ್ಟನ್‌ನಲ್ಲಿ ಒಂದು ಕುರ್ಚಿ. ಗೋಡೆಯ ಮೇಲಿನ ಚಿತ್ರ ಹಾಗೆಯೇ ಇರುತ್ತದೆ, ಮತ್ತು ಅವಳು ಅದನ್ನು ನೋಡಿದಾಗಲೆಲ್ಲ ಗೊತ್ತಿರುತ್ತದೆ. ಇನ್ನು ಮುಂದೆ ಹೀಗೆ ಹೊಗೆ ಏರಿ ಓಜೋನನ್ನು ಕಚ್ಚಿದರೆ ಲೋಕ ಅದೇ ಹಳೆಯ ಗೂನನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ.

ಅವಳಿಗೆ ನೋಯುತ್ತಿದ್ದದ್ದು ಇದಾವುದೂ ಅಲ್ಲ ಎಂದು ನಡೆಯುತ್ತ ನಡೆಯುತ್ತ ಗೊತ್ತಾಯಿತು. ಈ ಕಣಿವೆಯ ಮೇಲಿನ ಗಾಳಿಯನ್ನು ತಾನೊಬ್ಬಳೇ ನೋಡುತ್ತಿಲ್ಲ, ಭೂಮಿಯ ಆ ಬದಿಯಲ್ಲಿ ಇನ್ನೊಂದು ಜೊತೆ ಕಣ್ಣು ಅದನ್ನೇ ನೋಡುತ್ತಿದೆ, ತಾನು ಕಂಡದ್ದನ್ನೇ ಕಾಣುತ್ತಿದೆ. ಇಷ್ಟನ್ನು ನೆಚ್ಚಿಕೊಂಡು ಅವಳು ಎಷ್ಟೋ ಗುರುವಾರಗಳನ್ನು ದಾಟಿದ್ದಳು. ಅಲಿಸ್ಟರ್ ಕೂಡ ಹೊರಡುವ ಹಿಂದಿನ ದಿನದವರೆಗೆ ಅವಳ ಎಲ್ಲ ಮಾತಿಗೂ ಹೂಂ ಅಂದಿದ್ದ.

ಶನಿವಾರ ಸಂಜೆ ವಿಡಿಯೊ ಫೋನ್ ಮಾಡಿದಳು. ಅಲ್ಲಿ ಬೆಳಿಗ್ಗೆ. ಎಲಾದಿಯೊ ಅಡುಗೆಮನೆಯಲ್ಲಿದ್ದ, ಪರದೆಯ ಮೂಲೆಯಲ್ಲಿ ಬೆಕ್ಕಿನ ಬಾಲ.

"ಏನಮ್ಮಾ ಕಾಲಡಿ, ಇವತ್ತು ಶನಿವಾರ. ನನ್ನ ನೆನಪು ಬರೋದು ಗುರುವಾರ ಮಾತ್ರ ಅಂದ್ಕೊಂಡಿದ್ದೆ."

ಅವಳು ವಾಡಿಕೆಯ ಉತ್ತರ ಕೊಡಲಿಲ್ಲ. "ಎಲಾದಿಯೊ, ನಿನ್ನ ಮುನ್ನೂಹೆ ಎಲ್ಲಿಂದ ಬಂತು?"

"ಅಂಗಡಿಯಿಂದ."

"ತಮಾಷೆ ಅಲ್ಲ."

"ನಾನು ಸೇರೋಕೆ ಮುಂಚೆ ಯಾರೋ ಹಾಕಿಟ್ಟಿದ್ದು. ಹಳೇ ಬಲೂನುಗಳ ಸರಾಸರಿ. ಯಾಕೆ?"

"ದಕ್ಷಿಣ ನಲವತ್ತೈದಕ್ಕೆ ಯಾರ ಬಲೂನು?"

"ಅಲ್ಲಿ ಯಾರಿದ್ದಾರೆ? ಸಮುದ್ರ ಬಿಟ್ಟರೆ..."

"ನಾನಿದ್ದೀನಿ," ಎಂದಳು ನೈರಿ.

ಬೆಕ್ಕು ಮೇಜಿನಿಂದ ಧುಮುಕಿದ ಸದ್ದು ಕೇಳಿಸಿತು. ಅವಳು ಗೂನಿನ ಕತೆ ಹೇಳಿದಳು. ಅಲಿಸ್ಟರನ ಹೆಸರು ಹೇಳದೆ, ಕೋಷ್ಟಕದ ಸಾಲಿನ ಕತೆಯನ್ನಷ್ಟೇ.

"ಒಂದು ಕೆಲಸ ಮಾಡ್ತೀಯಾ?" ಎಂದಳು. "ಮುನ್ನೂಹೇನ ದುಪ್ಪಟ್ಟು ಮಾಡಿ ಒಂದ್ಸಲ ಲೆಕ್ಕ ಓಡಿಸು. ಈ ಗುರುವಾರದ್ದು ಬೇಡ. ಹೊಗೆ ಇಲ್ಲದ ದಿನದ್ದು. ನಮ್ಮ ಪ್ರಬಂಧದ್ದು."

"ದುಪ್ಪಟ್ಟು ಮಾಡಿದ್ರೂ ಉತ್ತರ ಬದಲಾಗದಿದ್ರೆ ನಾನು ನೋಡ್ತಿದ್ದೆ ಅಂತ."

"ಹೂಂ."

"ಬದಲಾದ್ರೆ..."

"ಮೊದಲು ಓಡಿಸು ಮಾರಾಯ."

ಫೋನ್ ಇಡಲಿಲ್ಲ ಇಬ್ಬರೂ. ಅವನು ಕೀಲಿಮಣೆ ಒತ್ತುವ ಸದ್ದು, ಕಾಫಿ ಪಾತ್ರೆ ಉಕ್ಕಿದ ಸದ್ದು, ಗಲೀಸಿಯಾದ ಯಾವುದೋ ಬೈಗುಳ. ಅವಳ ಕಿಟಕಿಯಾಚೆ ತಾಮ್ರದ ಸೂರ್ಯ ಬೇಲಿಯ ಕಂಬದ ಹಿಂದೆ ಸರಿದ. ಅವಳಿಗೆ ಬೇಕಾಗಿದ್ದ ಉತ್ತರ ಯಾವುದು ಎಂದು ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಬಲೂನು ಉಳಿಯಬೇಕಾದರೆ ಗೆರೆ ಅಲ್ಲಾಡಬೇಕು. ಅಲ್ಲಾಡದಿರಲಿ ಎಂದು ಅವಳ ಎರಡು ಹೆಬ್ಬೆರಳೂ ಮುಷ್ಟಿಯೊಳಗೆ ಸೇರಿಕೊಂಡಿದ್ದವು.

"ಹೆಚ್ಚುಕಮ್ಮಿ ದುಪ್ಪಟ್ಟಾಯ್ತು," ಎಂದ ಎಲಾದಿಯೊ.

"ಎಲ್ಲಿಂದ ಎಲ್ಲಿಗೆ?"

"ಹದಿನೆಂಟರ ಕೆಳಗೆ ಪೂರ್ತಿ. ಮೇಲೆ ಅಲ್ಲಾಡಿಲ್ಲ."

ಅವಳು ಮುಷ್ಟಿಯೊಳಗಿನ ಹೆಬ್ಬೆರಳುಗಳನ್ನು ಬಿಡಿಸಿಕೊಂಡಳು.

"ಬಲೂನು ನಿಲ್ಲಿಸ್ತಾರಂತೆ," ಎಂದಳು ನೈರಿ. "ನಮ್ಮ ಪ್ರಬಂಧ ನೋಡಿ. ಸೋಮವಾರ ಸಭೆ."

"ಅದಕ್ಕೆ ಕೇಳಿದ್ಯಾ?"

"ಅದಕ್ಕೂ ಕೇಳ್ದೆ."

"ಸಭೆಗೆ ನೀನು ಬರೀಬೇಡ. ನಿನ್ನ ಸ್ವಾರ್ಥ ಅಂತಾರೆ. ನಾನು ಬರೀತೀನಿ. ಮೂಗು ಕಟ್ಟಿತ್ತು ಅಂತ ಮೂಗಿನ ಯಜಮಾನನೇ ಹೇಳಿದ್ರೆ ನಂಬ್ತಾರೆ." ನಗಲು ಹೋದ, ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸಿಕೊಂಡ. "ಇಪ್ಪತ್ತು ವರ್ಷ ನಾನು ನಿನ್ನೂರಿನ ಗಾಳಿ ನೋಡ್ತಿದ್ದೀನಿ ಅಂದ್ಕೊಂಡಿದ್ದೆ, ನೈರಿ."

ಕಾಲಡಿ ಅನ್ನಲಿಲ್ಲ. ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಎಷ್ಟು ಕಾಲವಾಗಿತ್ತೆಂದು ಅವಳಿಗೆ ನೆನಪಾಗಲಿಲ್ಲ. ಯಾರೋ ಅಪರಿಚಿತಳನ್ನು ಕರೆದಂತಿತ್ತು.

ಸೋಮವಾರ ಮಧ್ಯಾಹ್ನ ಹುಹಾನಾ ಫೋನ್ ಮಾಡಿದಳು. ಬಲೂನು ಇನ್ನೂ ಎರಡು ವರ್ಷ ಹಾರಲಿ ಎಂದು ತೀರ್ಮಾನವಾಗಿತ್ತು, ಅಷ್ಟರೊಳಗೆ ಮತ್ತೆ ನೋಡೋಣ ಎಂದು. "ಆ ಸ್ಪೇನಿನವರು ಎಂಥ ಕಾಗದ ಬರೆದಿದ್ದಾರೆ ನೈರಿ. ತಮ್ಮ ಕೆಲಸದ ಮೇಲೆ ತಾವೇ ಹೀಗೆ ಬರೆಯೋರನ್ನ ನಾನು ನೋಡಿಲ್ಲ. ಕೆಳಗಿನ ಪದರದ ಅಷ್ಟೂ ಅಂಕಿ ಹಿಂದಕ್ಕೆ ತಗೊಂಡಿದ್ದಾರೆ."

"ಅಷ್ಟೂ?"

"ಅಷ್ಟೂ. ನಿಮಗೆ ಖುಷಿ ಆಗಬೇಕಲ್ವಾ?"

"ಆಯ್ತು," ಎಂದಳು ನೈರಿ.

ಮುಂದಿನ ಗುರುವಾರ ಎಂಟಕ್ಕೆ ಅವಳು ತನ್ನ ಗೆರೆ ಕಳಿಸಿದಳು. ಏನೂ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಅವನು ಎಲ್ಲ ಲೆಕ್ಕವನ್ನೂ ಮೊದಲಿನಿಂದ ಮಾಡುತ್ತಿದ್ದಾನೆ, ನಿವೃತ್ತಿಯ ದಿನಾಂಕ ಮುಂದೂಡಿಸಿಕೊಂಡಿದ್ದಾನೆ ಎಂದು ಬೇರೆಯವರಿಂದ ಗೊತ್ತಾಯಿತು. ಅವಳು ಕೆಮ್ಮು ವಾಸಿಯಾಯಿತೆಂದು ಒಂದು ಸಾಲು ಬರೆದು ಅಳಿಸಿದಳು. ಗೋಡೆಯ ಚಿತ್ರವನ್ನು ಇಳಿಸಿ ಬೀರುವಿನ ಹಿಂದೆ ನಿಲ್ಲಿಸಿದಳು. ಗೋಡೆಯ ಮೇಲೆ ಚೌಕಾಕಾರದ ತಿಳಿ ಬಣ್ಣ ಉಳಿಯಿತು. ಅದನ್ನು ನೋಡುವುದು ಇನ್ನೂ ಕಷ್ಟವೆನಿಸಿ ಅಲ್ಲಿ ಏಪ್ರಿಕಾಟ್ ತೋಟದವರ ಕ್ಯಾಲೆಂಡರ್ ತೂಗುಹಾಕಿದಳು.

ಹೊಗೆ ಕರಗಿತು. ಹಾಕ್‌ಡನ್ ಬೆಟ್ಟಗಳು ಎಲ್ಲೂ ಹೋಗಿರಲಿಲ್ಲವೆಂಬಂತೆ ಬಂದು ನಿಂತವು. ಡೂಗಲ್ ಇನ್ನೊಂದು ಡಬ್ಬಿ ತಂದ.

"ಗೆದ್ಯಂತೆ?"

"ಯಾರು ಹೇಳಿದ್ರು?"

"ಅಂಚೆಯವಳು. ಅವಳಿಗೆ ಯಾರು ಹೇಳಿದ್ರೋ." ರೋಲ್ ಮುರಿದು ನಾಯಿಗೆ ಹಾಕಿದ. "ಗೆದ್ದವರ ಮುಖ ಹೀಗಿರುತ್ತಾ ಹುಡುಗಿ? ಕ್ಷೌರ ಮಾಡಿಸ್ಕೊಂಡ ಕುರಿ ಇದ್ದ ಹಾಗಿದ್ದೀಯ."

"ಕುರಿ ಏನನ್ನುತ್ತೆ ಆಗ?"

"ಚಳಿ ಅನ್ನುತ್ತೆ," ಎಂದ ಡೂಗಲ್. ಆಮೇಲೆ ಏನೂ ಕೇಳದೆ ಬಲೂನಿನ ಹಗ್ಗ ಹಿಡಿಯಲು ಎದ್ದ.

ಗಡಿಯಾರಗಳು ಬದಲಾದವು. ಕಣಿವೆಯಲ್ಲಿ ಮೊದಲ ಮಂಜು ಬಿತ್ತು, ಪಾಪ್ಲರ್ ಮರಗಳು ಹಳದಿಯಾಗಿ ಬರಿದಾದವು. ಈಗ ಅವಳ ಎಂಟಕ್ಕೂ ಅವನ ಎಂಟಕ್ಕೂ ಸಂಬಂಧವಿರಲಿಲ್ಲ. ಅಂಥ ಒಂದು ದಿನ, ಗುರುವಾರವೂ ಅಲ್ಲ, ಅವಳು ಸೊಪ್ಪಿನ ಸೂಪು ಬಿಸಿಗಿಟ್ಟು ಬಂದು ನೋಡಿದಾಗ ಎಲಾದಿಯೊನಿಂದ ಒಂದು ಗೆರೆ ಬಂದಿತ್ತು. ಮಾತಿಲ್ಲ, ಗೆರೆ ಮಾತ್ರ.

ಹದಿನೆಂಟರ ಕೆಳಗೆ ಖಾಲಿ. ಅವನು ಅಲ್ಲಿ ಏನನ್ನೂ ತುಂಬಿರಲಿಲ್ಲ, ಚುಕ್ಕಿ ಗೆರೆಯನ್ನೂ ಎಳೆದಿರಲಿಲ್ಲ. ಬಿಳಿಯ ಜಾಗ. ಆ ಎತ್ತರದಲ್ಲಿ, ಆ ಅಕ್ಷಾಂಶದಲ್ಲಿ, ಇನ್ನು ಮುಂದೆ ಇರುವುದು ಅವಳ ಬಲೂನು ಮಾತ್ರ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಚಿತ್ರ ಬೇಕಿರಲಿಲ್ಲ. ಮೊದಲೂ ಹಾಗೆಯೇ ಇತ್ತು. ಈಗ ಕಾಣುತ್ತಿತ್ತು.

ಅವಳು ತನ್ನ ಕೆಂಪು ಗೆರೆಯನ್ನು ಅದರ ಮೇಲಿಟ್ಟಳು. ಬಿಳಿಯ ಜಾಗದಲ್ಲಿ ಕೆಂಪು ಒಂಟಿಯಾಗಿ ಏರಿ, ಹದಿನೆಂಟರಲ್ಲಿ ನೀಲಿಯನ್ನು ಸಂಧಿಸಿತು. ಸ್ವಲ್ಪ ದೂರ ಎರಡೂ ಜೊತೆಯಾಗಿ ಹೋದವು. ಇಪ್ಪತ್ತನಾಲ್ಕರ ಹತ್ತಿರ ನೀಲಿ ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ಕೆಂಪಿನಿಂದ ದೂರ ಸರಿದು, ಬಹಳ ಮೇಲೆ ಹೋಗಿ ವಾಪಸು ಬಂದಿತ್ತು. ನೂರಕ್ಕೆ ಆರರಷ್ಟು ವ್ಯತ್ಯಾಸ. ಹಳೆಯ ಚಿತ್ರದಲ್ಲೂ ಇದು ಇತ್ತು. ಇಬ್ಬರೂ ಮರ್ಯಾದೆಗೆ ಅದನ್ನು ನೋಡದೆ ಬಿಟ್ಟಿದ್ದರು, ಅತಿಥಿಯ ತಟ್ಟೆಯಲ್ಲಿ ಉಳಿದದ್ದನ್ನು ನೋಡದ ಹಾಗೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಈ ಹೊರಳನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಯಾವ ಜನವರಿಯಲ್ಲೂ ಅವಳ ಬಲೂನು ಹೀಗೆ ಹೊರಳಿರಲಿಲ್ಲ. ಮುನ್ನೂಹೆಯಿಂದ ಇದು ಬಂದಿರಲು ಸಾಧ್ಯವಿಲ್ಲ. ಇದು ಬೇರೆಯವರ ಕಣ್ಣು. ಅಷ್ಟು ದೂರದಲ್ಲಿ ನಿಂತು, ಓರೆಯಾಗಿ, ಕಷ್ಟಪಟ್ಟು ಅವಳ ಆಕಾಶವನ್ನು ನೋಡಿ, ಅವಳಿಗಿಂತ ಬೇರೆಯಾಗಿ ಕಂಡಿತ್ತು.

ಒಲೆಯ ಮೇಲೆ ಸೂಪು ಉಕ್ಕಿ ಚುರುಗುಟ್ಟಿತು. ಅವಳು ಏಳಲಿಲ್ಲ.

'ಇಪ್ಪತ್ತನಾಲ್ಕರಲ್ಲಿ ನಿನ್ನದು ತಪ್ಪು,' ಎಂದು ಬರೆದಳು. ಓದಿಕೊಂಡಳು. ಇಪ್ಪತ್ತು ವರ್ಷದಲ್ಲಿ ಅವನಿಗೆ ಇಂಥ ಮಾತು ಬರೆದಿರಲಿಲ್ಲ. ಕೊನೆಗೆ 'ಕಾಲಡಿ' ಎಂದು ಸೇರಿಸಿ, ಕಳಿಸಿ, ಎದ್ದು ಹೋಗಿ ಒಲೆ ಆರಿಸಿದಳು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅವನು ಏಳಬೇಕು, ಬೆಕ್ಕಿಗೆ ಹಾಕಬೇಕು, ಕಾಫಿ ಉಕ್ಕಿಸಬೇಕು, ಆಮೇಲೆ ನೋಡಬೇಕು. ಅವಳು ಸೂಪು ಬಡಿಸಿಕೊಂಡು, ಪರದೆ ಕಾಣುವ ಕಡೆ ಮುಖ ಮಾಡಿ ಊಟಕ್ಕೆ ಕೂತಳು.